ಹದಿನೇಳನೇ ಪೆಟ್ಟಿಗೆಯ ಬಾಣ

ಮೂವತ್ತೊಂದು ವರ್ಷ ನೆಲ ಕೊರೆದವನು ನಾನು. ನೀರಿಗಾಗಿ ಅಲ್ಲ, ಎಣ್ಣೆಗಾಗಿಯೂ ಅಲ್ಲ, ಕಲ್ಲಿಗಾಗಿ. ಕೊಳವೆಯನ್ನು ಆಳಕ್ಕಿಳಿಸಿ, ಪ್ರತಿಸಲ ಒಂದೂವರೆ ಮೀಟರ್ ಉದ್ದದ ಕಲ್ಲಿನ ಕಂಬಿಯನ್ನು ಮೇಲೆತ್ತಿ, ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ನೆಲದೊಳಗೆ ಯಾವ ತುದಿ ಮೇಲಿತ್ತೋ ಆ ಕಡೆಗೆ ಕಲ್ಲಿನ ಮೇಲೆ ಬಾಣ ಬರೆಯಬೇಕು. ಬಾಣ ತಪ್ಪಿದರೆ ಮುಂದಿನದೆಲ್ಲ ತಪ್ಪು. ನನ್ನ ಬಾಣ ಒಮ್ಮೆಯೂ ತಪ್ಪಿಲ್ಲ ಎಂದು ನಾನು ಹೇಳಿಕೊಳ್ಳದ ಮದುವೆಮನೆ, ಆಸ್ಪತ್ರೆ, ಬಸ್ ನಿಲ್ದಾಣ ಯಾವುದೂ ಉಳಿದಿಲ್ಲವೆಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಕೊಚ್ಚಿಕೊಳ್ಳುವುದಕ್ಕೂ ಕೆಲಸ ಮಾಡಿರಬೇಕಲ್ಲ.

ಮಗಳು ಅದೇ ಕಲ್ಲಿನ ವಯಸ್ಸು ಹೇಳುವವಳು. ನಾನು ಕೊರೆದದ್ದು ಹೆಚ್ಚಾಗಿ ಸೀಮೆಸುಣ್ಣದ ಕಲ್ಲು, ಅಂದರೆ ಹಳೆಯ ಸಮುದ್ರದ ತಳದಲ್ಲಿ ಬಿದ್ದ ಚಿಪ್ಪುಗಳ ಪುಡಿ. ಅವಳು ಅದನ್ನು ನೆನೆಸಿ, ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಮರಳಿನ ಕಣದಷ್ಟಿರುವ ಚಿಪ್ಪುಗಳನ್ನು ಸಣ್ಣ ಕುಂಚದ ತುದಿಯಿಂದ ಹೆಕ್ಕಿ, ಎಣಿಸಿ, ಸೀಸೆಗಳಲ್ಲಿ ತುಂಬಿಡುತ್ತಾಳೆ. ಒಂದೊಂದು ಕಾಲಕ್ಕೆ ಒಂದೊಂದು ಜಾತಿ. ಅಳಿದ ಜಾತಿ ಮತ್ತೆ ಹುಟ್ಟುವುದಿಲ್ಲ. ಕಲ್ಲಿನ ಪುಡಿಯನ್ನು ಯಂತ್ರಕ್ಕೆ ಕೊಟ್ಟರೆ ಅದರಲ್ಲಿ ಹಗುರ ಇಂಗಾಲ ಎಷ್ಟು, ಭಾರದ ಇಂಗಾಲ ಎಷ್ಟು ಎಂದೂ ತಿಳಿಯುತ್ತದೆ. ಆ ಲೆಕ್ಕವನ್ನು ಗೆರೆಯಾಗಿ ಎಳೆದರೆ ಅದು ಒಂದೇ ಕಾಲದ ಕಲ್ಲಿನಲ್ಲೆಲ್ಲ ಒಂದೇ ರೀತಿ ಏರಿ ಇಳಿಯುವುದರಿಂದ, ನೂರಾರು ಮೈಲಿ ದೂರದ ಎರಡು ಕೊರೆಬಾವಿಗಳ ಪದರಗಳನ್ನು ಪಕ್ಕಪಕ್ಕದಲ್ಲಿಟ್ಟು ಇದು ಅದರ ಜೊತೆಯದು ಎನ್ನಬಹುದು. ನಾನು ಮೀಟರುಗಳಲ್ಲಿ ಇಳಿದ ಜಾಗಕ್ಕೆ ಅವಳು ಕೋಟಿ ವರ್ಷಗಳಲ್ಲಿ ಇಳಿಯುತ್ತಾಳೆ. ಇದನ್ನೂ ಬಸ್ ನಿಲ್ದಾಣದಲ್ಲಿ ಹೇಳಿದ್ದೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ತಟ್ಟೆಯನ್ನೇ ನೋಡುತ್ತ ಹೇಳಿದಳು.

“ಅಪ್ಪ, ನೀನು ಕೊರೆದ ಕೊನೇ ಬಾವೀಲಿ ಹದಿನೇಳನೇ ಪೆಟ್ಟಿಗೆ ಉಲ್ಟಾ ಇದೆ ಅನ್ಸುತ್ತೆ.”

ನನ್ನ ಕೈ ತಟ್ಟೆಯಲ್ಲೇ ನಿಂತಿತು. “ಯಾರು ಹೇಳಿದ್ದು?”

“ಚಿಪ್ಪು. ಒಂದು ಜಾತಿ ಕೆಳಗಿಂದ ಹದಿನೆಂಟನೇ ಪೆಟ್ಟಿಗೆವರೆಗೂ ಇದೆ. ಹದಿನೇಳರ ಕೆಳಗಿನ ಅರ್ಧದಲ್ಲಿ ಇಲ್ಲ, ಮೇಲಿನ ಅರ್ಧದಲ್ಲಿ ಮತ್ತೆ ಇದೆ, ಹದಿನಾರರಲ್ಲಿ ಮತ್ತೆ ಇಲ್ಲ. ಸತ್ತಿದ್ದು ಎದ್ದು ಬರುತ್ತಾ? ಇಂಗಾಲದ ಗೆರೇನೂ ಅಲ್ಲೇ ಎಗರಾಡುತ್ತೆ. ಪೆಟ್ಟಿಗೆ ತಿರುಗಿಸಿ ಓದಿದ್ರೆ ಎಲ್ಲಾ ಸರಿಯಾಗಿ ಕೂತ್ಕೊಳ್ಳುತ್ತೆ.”

“ನಿನ್ನ ಸೀಸೆಗಳೇ ಅದಲುಬದಲಾಗಿರ್ಬೇಕು.”

“ನಮ್ಮ ಪ್ರಯೋಗಾಲಯದ ಮುಖ್ಯಸ್ಥರೂ ಅದನ್ನೇ ಅಂದ್ರು. ನಿಮ್ಮಪ್ಪನ ಬಾಣಕ್ಕಿಂತ ನಿನ್ನ ಸೀಸೆ ಮೇಲೆ ಅನುಮಾನ ಪಡೋದು ಸುಲಭ ಅಂತ. ಸೋಮವಾರದೊಳಗೆ ಪುರಾವೆ ಕೊಡದಿದ್ರೆ ನನ್ನ ಎರಡು ವರ್ಷದ ಎಣಿಕೆ ಪೂರ್ತಿ ಕೈಬಿಡ್ತಾರೆ. ಬೇರೆಯವರ ಹತ್ರ ಮೊದಲಿಂದ ಮಾಡಿಸ್ತಾರೆ.”

ಹೆಂಡತಿ ಲೋಟಕ್ಕೆ ನೀರು ಹಾಕುತ್ತ, “ಅಂಗಿ ಉಲ್ಟಾ ಹಾಕ್ಕೊಂಡು ಹೊರಡೋರು, ಕಲ್ಲು ಮಾತ್ರ ನೆಟ್ಟಗಿಡ್ತಾರಾ?” ಎಂದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಊಟ ಬಿಟ್ಟು ಎದ್ದೆ. ಎರಡು ದಿನ ಮಗಳೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ, ಸೋಮವಾರ ಬೆಳಿಗ್ಗೆ, ಹಳೆಯ ಕೆಲಸದ ಅಂಗಿ ತೊಟ್ಟು, ಭೂತಗನ್ನಡಿಯನ್ನು ಜೇಬಿಗಿಟ್ಟು ಬಾಗಿಲಲ್ಲಿ ನಿಂತೆ. “ನಡಿ. ನಿಮ್ಮ ಮುಖ್ಯಸ್ಥರ ಮುಂದೇನೇ ತೋರಿಸ್ತೀನಿ.”

ಕಲ್ಲಿನ ಉಗ್ರಾಣದಲ್ಲಿ ಕಬ್ಬಿಣದ ಕಪಾಟುಗಳ ತುಂಬ ನನ್ನ ಕೈಬರಹ. ಆ ಬಾವಿಯದೇ ಎಂಬತ್ತಾರು ಪೆಟ್ಟಿಗೆಗಳು. ಹದಿನೇಳನೆಯದನ್ನು ಮೇಜಿನ ಮೇಲೆ ತಂದಿಟ್ಟಿದ್ದರು. ಕಪ್ಪು ಬಣ್ಣದ ಬಾಣ ಹನ್ನೊಂದು ವರ್ಷದ ನಂತರವೂ ಮಾಸಿರಲಿಲ್ಲ.

“ನೀವು ಬರೋದೇ ಬೇಕಾಗಿರ್ಲಿಲ್ಲ. ನಿಮ್ಮ ಬಾಣದ ಮೇಲೆ ನನಗೆ ಅನುಮಾನ ಇಲ್ಲ,” ಎಂದರು ಮುಖ್ಯಸ್ಥರು. ನನ್ನ ಎದೆ ಉಬ್ಬಿತು. ಮೇಜಿನ ಆಚೆ ತುದಿಯಲ್ಲಿ ಮಗಳು ನೋಟ್‌ಬುಕ್ ಹಿಡಿದು ನಿಂತಿದ್ದಳು.

“ಅಪ್ಪ, ನನ್ನ ಮುಖ ನೋಡ್ಬೇಡ. ಕಲ್ಲು ನೋಡು,” ಎಂದಳು.

ಕೊಳವೆಯ ಕೆಳತುದಿಯಲ್ಲಿ ಹಲ್ಲುಗಳಿರುವ ಒಂದು ಉಂಗುರವಿರುತ್ತದೆ. ಮೇಲೆತ್ತುವಾಗ ಕಲ್ಲು ಜಾರದಂತೆ ಅದು ಕಚ್ಚಿ ಹಿಡಿಯುತ್ತದೆ. ಆ ಗೀರು ಕಂಬಿಯ ಕೆಳತುದಿಯಲ್ಲಿ ಮಾತ್ರ ಬೀಳುತ್ತದೆ. ಉಗುರಿನಿಂದ ಕೆರೆದಷ್ಟು ತೆಳು. ಕೊರೆದು ಗೊತ್ತಿಲ್ಲದವರಿಗೆ ಎಲ್ಲೋ ಉಜ್ಜಿದ ಗುರುತಿನಂತೆ ಕಾಣುತ್ತದೆ. ಅದೇ ನನ್ನ ಸಾಕ್ಷಿ. ಭೂತಗನ್ನಡಿ ಹಿಡಿದು, ಬಾಣದ ಪ್ರಕಾರ ಕೆಳಗಿನದಾದ ತುದಿಗೆ ಬಗ್ಗಿದೆ. ಕಲ್ಲು ನುಣ್ಣಗಿತ್ತು. ಕಂಬಿಯನ್ನು ಉರುಳಿಸಿ ನೋಡಿದೆ. ಸುತ್ತಲೂ ನುಣ್ಣಗೇ. ಮೇಲಿನ ತುದಿಗೆ ಹೋದೆ. ಬಾಣದ ಮೊನೆಯ ಪಕ್ಕದಲ್ಲೇ ಸಾಲಾಗಿ ಗೀರುಗಳಿದ್ದವು. ಗಾಜು ಒರೆಸಿ ಮತ್ತೆ ನೋಡಿದೆ.

ಆ ಗೀರನ್ನು ಓದಬಲ್ಲವನು ಅಲ್ಲಿ ನಾನೊಬ್ಬನೇ. ಸರಿಯಾಗಿದೆ ಎಂದು ಹೇಳಿ ಮನೆಗೆ ಹೋಗಿದ್ದರೆ ನನ್ನ ಮೂವತ್ತೊಂದು ವರ್ಷ ಹಾಗೇ ಉಳಿಯುತ್ತಿತ್ತು. ಹಾಗೆ ಅನ್ನಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆ ಬಾಣ ಬರೆದ ದಿನ ಜ್ವರವಿತ್ತೇ, ಜಗಳವಾಗಿತ್ತೇ ಎಂದು ಒಂದು ನೆಪವನ್ನೂ ಹುಡುಕಿದೆ. ಸಿಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಈ ಹುಡುಗಿ ಆ ಉಂಗುರವನ್ನು ಕಂಡವಳಲ್ಲ, ಗೀರಿನ ವಿಷಯ ಕೇಳಿದವಳೂ ಅಲ್ಲ. ಬರೀ ಧೂಳಿನಂಥ ಚಿಪ್ಪುಗಳನ್ನು ಎಣಿಸುತ್ತ ಎಣಿಸುತ್ತ ಎಂಬತ್ತಾರು ಪೆಟ್ಟಿಗೆಗಳಲ್ಲಿ ನಾನು ಎಡವಿದ ಒಂದೇ ಪೆಟ್ಟಿಗೆಯ ಮೇಲೆ ಬೆರಳಿಟ್ಟಿದ್ದಾಳೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಣ್ಣು ತುಂಬುವಷ್ಟು ಹೆಮ್ಮೆಯಾಯಿತು.

“ಉಲ್ಟಾ ಇದೆ,” ಎಂದೆ.

ಮುಖ್ಯಸ್ಥರ ಬೆರಳನ್ನು ಹಿಡಿದು ಗೀರುಗಳ ಮೇಲೆ ಆಡಿಸಿದೆ. ಹದಿನಾರನೆಯದನ್ನೂ ಹದಿನೆಂಟನೆಯದನ್ನೂ ತರಿಸಿ, ಅವುಗಳಲ್ಲಿ ಗೀರು ಎಲ್ಲಿದೆ ಎಂದು ತೋರಿಸಿದೆ. ಅವರು ಮೂರರ ಮೇಲೂ ತಾವೇ ಬೆರಳಾಡಿಸಿ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, “ನಿನ್ನ ಎಣಿಕೆ ಹಾಗೇ ಇರ್ಲಿ. ಒಂದಂಕೀನೂ ಬದಲಾಯಿಸ್ಬೇಡ,” ಎಂದರು.

ಅವಳು ಅದನ್ನು ಹಾಳೆಯಲ್ಲಿ ಗುರುತು ಹಾಕಿಕೊಂಡಳು.

“ವರದೀಲಿ ಹಳೇ ತಪ್ಪು ಅಂತ ಬರೆದ್ರೆ ಸಾಕು. ಯಾರದ್ದು ಅಂತ ಯಾಕೆ,” ಎಂದರು ಅವರು ನನ್ನ ಮುಖ ನೋಡದೆ.

“ಹೌದು ಸರ್, ಹೆಸರು ಬೇಡ,” ಎಂದಳು ಮಗಳು.

ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಹಳೆಯ ಬಾಣಕ್ಕೆ ಅಡ್ಡಗೆರೆ ಎಳೆದೆ. ಎದುರು ದಿಕ್ಕಿಗೆ ಹೊಸ ಬಾಣ ಬರೆದು, ತಾರೀಖು ಹಾಕಿ, ಸಹಿ ಮಾಡಿದೆ.

“ತಪ್ಪು ಮಾಡಿದವನ ಹೆಸರೂ ಬರೀರಿ, ಹಿಡಿದವಳ ಹೆಸರೂ ಬರೀರಿ,” ಎಂದೆ. “ಎರಡೂ ಒಂದೇ ಮನೇದು.”

ಮೊನ್ನೆ ಬಸ್ ನಿಲ್ದಾಣದಲ್ಲಿ ಪಕ್ಕ ಕೂತವರೊಬ್ಬರು ಸಮಯ ಕೇಳಿದರು. ಸಮಯ ಹೇಳಿದೆ. ಆಮೇಲೆ, ಮೂವತ್ತೊಂದು ವರ್ಷದಲ್ಲಿ ನನ್ನ ಬಾಣ ಒಂದೇ ಒಂದು ಸಲ ತಪ್ಪಿತ್ತು, ಅದನ್ನು ಹಿಡಿದವಳು ನನ್ನ ಮಗಳು ಎಂದೂ ಹೇಳಿದೆ.