ಎಡ ಅಂಗೈಯ ಬೆಂಜೀನ್

ನನ್ನ ತಂಗಿ ಇಜ್ಜಾ ತನ್ನ ಮಗಳನ್ನು ಡಾಕ್ಟರ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕಳಿಸಿದ್ದಾಳೋ, ಹಸೆಮಣೆಗೆ ಕಳಿಸಿದ್ದಾಳೋ ಎಂದು ಮರ್ರಾಕೆಶ್ ಬಸ್ ಸ್ಟ್ಯಾಂಡಿನಲ್ಲಿ ನನಗೆ ಒಂದು ಗಳಿಗೆ ಅನುಮಾನವಾಯಿತು. ಬೆಟ್ಟದ ಬಸ್ಸಿನಿಂದ ಇಳಿದ ತಿಲಿಲಾಳ ಎರಡೂ ಕೈಗಳಿಗೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ, ದಟ್ಟ ಚಿತ್ತಾರದ ಮದರಂಗಿ ಹತ್ತಿತ್ತು. ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದರಲ್ಲಿ ಅವಳಮ್ಮ ಕಟ್ಟಿಕೊಟ್ಟ ಬಾರ್ಲಿ ರೊಟ್ಟಿ. ಮುಖ ಮಾತ್ರ ಊದಿಕೊಂಡಿತ್ತು.

"ಏನೇ ಮದುಮಗಳೇ, ಗಂಡು ಎಲ್ಲಿ?" ಎಂದೆ.

"ಸುಮ್ನಿರು ದೊಡ್ಡಮ್ಮ. ನಾನು ಬೇಡ ಬೇಡ ಅಂದ್ರೂ, ರಾತ್ರಿ ಮಲಗಿದ್ದಾಗ ಹಚ್ಚಿಬಿಟ್ಟಿದಾಳೆ. ಒಳ್ಳೇದಾಗುತ್ತಂತೆ."

"ಆಗದೆ ಏನು? ನಮ್ಮಮ್ಮ ನಂಗೂ ಹಚ್ಚಿದ್ಳು."

"ನಿಂಗೇನು ಒಳ್ಳೇದಾಯ್ತು?"

ಬೇರೆ ಯಾರಾದರೂ ಕೇಳಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ. ಇವಳು ಕೇಳಿದರೆ ನನಗೆ ನಗು ಬರುತ್ತದೆ. ನಾನು ಊರವರೆಲ್ಲ ಮೀಯಲು ಬರುವ ಹಮಾಮಿನಲ್ಲಿ ಹೆಂಗಸರ ಮೈ ತಿಕ್ಕಿ ಬದುಕುವವಳು. ಗಂಡ ಸತ್ತ ಮೇಲೆ ಬೆಟ್ಟ ಇಳಿದು ಬಂದು ಇದೇ ಕೆಲಸ ಹಿಡಿದೆ, ಯಾರ ಹಂಗಿನಲ್ಲೂ ಇಲ್ಲ. ಒಳ್ಳೆಯದಾಗಿದೆ ಎಂದೇ ನನ್ನ ಲೆಕ್ಕ.

ತಿಲಿಲಾಳ ಹಳ್ಳಿಯಲ್ಲಿ ಇರುವುದು ಚಿಕ್ಕ ಮಕ್ಕಳ ಶಾಲೆ ಮಾತ್ರ. ಮುಂದಕ್ಕೆ ಕೆಳಗಿನ ಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಓದಿದಳು. ಡಾಕ್ಟರ್ ಓದಿಗೆ ಬೇಕಾದ ಫ್ರೆಂಚ್ ಕಲಿತದ್ದು ಮಾತ್ರೆ ಡಬ್ಬಿಗಳಿಂದ. ರಜೆಗೆ ಊರಿಗೆ ಬಂದಳೆಂದರೆ ಮುದುಕಿಯರೆಲ್ಲ ತಮ್ಮ ತಮ್ಮ ಔಷಧಿ ತಂದು ಅವಳ ಮಡಿಲಿಗೆ ಸುರಿಯುತ್ತಿದ್ದರು. ಅವಳು ಡಬ್ಬಿಯೊಳಗಿನ ಕಾಗದ ಬಿಡಿಸಿ, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ನಮ್ಮ ಬೆಟ್ಟದ ಮಾತಿನಲ್ಲಿ ಹೇಳಿ, ಕೂಲಿಯಾಗಿ ಅಕ್ರೋಟು ತಿನ್ನುತ್ತಿದ್ದಳು.

ಹಾಗೆಂದು ಊರು ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಿತು ಎಂದುಕೊಳ್ಳಬೇಡಿ. "ಒಂದು ಸಲ ಹೋಗಿ ಬರಲಿ" ಎಂದಿದ್ದ ಅವಳಪ್ಪ, ಮೇಕೆಗಳ ಕಡೆ ನೋಡುತ್ತಾ. ಆ ಪರೀಕ್ಷೆ ವರ್ಷಕ್ಕೆ ಒಂದೇ ಬಾರಿ. ಎರಡನೇ ಸಲ ಬಸ್ಸು ಹತ್ತಿಸುವ ಮಾತು ಅವನ ಬಾಯಿಂದ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಇದು ನನಗೂ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು.

ಆ ಸಂಜೆ ಅವಳನ್ನು ಹಮಾಮಿಗೆ ಕರೆದುಕೊಂಡು ಹೋದೆ. ಬಿಸಿ ಕೋಣೆಯಲ್ಲಿ ಕೂತದ್ದೇ ಕೈ ಮುಂದೆ ಚಾಚಿದಳು.

"ಇದನ್ನ ತೆಗೆದುಬಿಡು ದೊಡ್ಡಮ್ಮ. ನಾಳೆ ಪಟ್ಟಣದ ಹುಡುಗೀರೆಲ್ಲ ಬರ್ತಾರೆ, ಟ್ಯೂಷನ್ ಮಾಡ್ಕೊಂಡೋರು. ಅವರ ಮಧ್ಯೆ ಈ ಕೈ ಇಟ್ಕೊಂಡು ಹೆಂಗೆ ಕೂತ್ಕೊಳ್ಲಿ?"

ಕರಿ ಸಾಬೂನು ಹಾಕಿದೆ, ನಿಂಬೆಹಣ್ಣು ಹಾಕಿದೆ, ತೋಳು ಸೋಲುವ ತನಕ ತಿಕ್ಕಿದೆ. ಎಂತೆಂಥವರ ಮೈಯ ಕೊಳೆ ತೆಗೆದವಳು ನಾನು. ಆದರೆ ತಂಗಿಯ ಮದರಂಗಿ ಜಪ್ಪಯ್ಯ ಅನ್ನಲಿಲ್ಲ. ತಿಕ್ಕಿದಷ್ಟೂ ತೊಳೆದ ಹಂಚಿನ ಹಾಗೆ ಕೆಂಪಗೆ ಹೊಳೆಯಿತು.

"ಬಿಡು ಮಗಳೇ, ನಿಮ್ಮಮ್ಮನ ಹಟ ಇದರಲ್ಲಿ ಸೇರ್ಕೊಂಡಿದೆ," ಎಂದೆ.

ಮಾರನೆಯ ಬೆಳಿಗ್ಗೆ ಪರೀಕ್ಷೆ ನಡೆಯುವ ಕಾಲೇಜಿನ ಗೇಟಿನಲ್ಲಿ ತಾಯಂದಿರ ಜಾತ್ರೆಯೇ ನೆರೆದಿತ್ತು. ತಿಲಿಲಾ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕಾವಲುಗಾರ ಹೊರಗೆ ಬಂದು, "ಕೈತುಂಬಾ ಮದರಂಗಿ ಹಚ್ಕೊಂಡಿರೋ ಹುಡುಗಿ ಕಡೆಯೋರು ಯಾರು?" ಎಂದು ಕೂಗಿದ. ತಾಯಂದಿರನ್ನು ತಳ್ಳಿಕೊಂಡು ಅವನ ಹಿಂದೆ ಒಳಗೆ ಓಡಿದೆ.

ಪಡಸಾಲೆಯಲ್ಲಿ ನಮ್ಮ ಹುಡುಗಿ ಬಳೆ ತೊಡಿಸಿಕೊಳ್ಳುವವಳ ಹಾಗೆ ಎರಡೂ ಕೈ ಚಾಚಿ ನಿಂತಿದ್ದಳು. ಸುತ್ತ ಮೂವರು: ಕನ್ನಡಕದ ಒಬ್ಬ ಮೇಡಮ್, ಸಣಕಲು ಮೈಯ ಒಬ್ಬ ಮೇಷ್ಟ್ರು, ಬಿಳಿ ತಲೆಯ ಒಬ್ಬ ಹಿರಿಯರು.

"ಕೈ ಮೇಲೆ ಏನೇನೋ ಬರ್ಕೊಂಡು ಬಂದಿದಾಳೆ," ಎಂದರು ಮೇಡಮ್ ನನಗೆ.

"ಬರೆದಿದ್ದಲ್ಲ ತಾಯಿ, ಮದರಂಗಿ."

"ಮದರಂಗಿ ನನಗೂ ಗೊತ್ತಮ್ಮ. ಹೂವು, ಬಳ್ಳಿ ಇದ್ದಿದ್ರೆ ನಾನ್ಯಾಕೆ ಕೇಳ್ತಿದ್ದೆ? ಇಲ್ಲಿ ನೋಡಿ, ಗೆರೆ, ಚುಕ್ಕೆ, ಕೂಡಿಸೋ ಗುರುತು. ಇದು ಯಾವ ಹೂವು?"

ಸಣಕಲು ಮೇಷ್ಟ್ರು ಅವಳ ಎಡ ಅಂಗೈಯನ್ನು ಕಣ್ಣಿನ ಹತ್ತಿರ ಹಿಡಿದರು. "ಇದನ್ನ ನೋಡಿ. ಆರು ಮೂಲೆ, ಒಳಗೊಂದು ಸುತ್ತು. ಇದು ಬೆಂಜೀನ್. ಅನುಮಾನವೇ ಇಲ್ಲ."

ಬೆಂಜೀನ್ ಎಂದರೆ ಏನೆಂದು ನಾನೇನು ಕಂಡೆ? ನನ್ನ ತಂಗಿಗೆ ಏನೋ ಬೈದರು ಎಂದೇ ತಿಳಿದೆ. ಸಿಟ್ಟು ನೆತ್ತಿಗೇರಿತು. ತಲೆವಸ್ತ್ರ ಸರಿಸಿ, ಚಿಕ್ಕಂದಿನಲ್ಲಿ ಹಾಕಿಸಿದ ಹಚ್ಚೆ ಕಾಣುವ ಹಾಗೆ ಗದ್ದ ಮುಂದೆ ಮಾಡಿದೆ.

"ನೋಡಿ ಮೇಷ್ಟ್ರೇ, ಇಲ್ಲೂ ಗೆರೆ ಇದೆ, ಚುಕ್ಕೆ ಇದೆ. ನಮ್ಮ ಕಡೆ ಎಲ್ಲಾ ಹೆಂಗಸರ ಮೈಮೇಲೂ ಇದೆ. ಇದೆಲ್ಲಾ ನಿಮ್ಮ ಪರೀಕ್ಷೆ ಉತ್ತರ ಆಗಿದ್ರೆ ನಾನು ಯಾಕೆ ಮೈ ತಿಕ್ತಾ ಕೂತಿರ್ತಿದ್ದೆ? ಇಷ್ಟೊತ್ತಿಗೆ ದೊಡ್ಡ ಡಾಕ್ಟರಾಗಿರ್ತಿದ್ದೆ."

ಹಿರಿಯರು ನಕ್ಕರು. ಮೇಡಮ್ ನಗಲಿಲ್ಲ. "ಅಮ್ಮಾ, ನೀವು ಹೇಳೋದು ನಿಜವೇ ಇರಬಹುದು. ನಾಳೆ ಯಾರಾದ್ರೂ ದೂರು ಕೊಟ್ರೆ ಇವಳ ಪೇಪರೇ ರದ್ದಾಗುತ್ತೆ. ಈ ಕೈ ಬಿಟ್ಕೊಂಡು ಒಳಗೆ ಕೂರಿಸೋಕಾಗಲ್ಲ." ಅಷ್ಟರಲ್ಲಿ ಗಂಟೆ ಹೊಡೆಯಿತು. ಪರೀಕ್ಷೆ ಕೋಣೆಯ ಬಾಗಿಲು ಅರ್ಧ ಮುಚ್ಚಿದರು. ನನ್ನ ಬಾಯಿಂದ ಕೆಲಸ ಕೆಟ್ಟಿತೇ ಹೊರತು ಆಗಲಿಲ್ಲ. ಕಾಲಿಗೆ ಬೀಳೋಣವೆಂದು ಬಗ್ಗಿದೆ.

ತಿಲಿಲಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ.

"ಮೇಡಮ್, ಕೈ ಕಾಣದಿದ್ರೆ ಸಾಕಲ್ವಾ?" ಎಂದಳು. "ಇದು ಡಾಕ್ಟರ್ ಓದೋ ಜಾಗ. ಒಂದು ಜೊತೆ ಕೈಗವಸು ಸಿಗಲ್ವಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಮ್ ಪಕ್ಕದ ಕೋಣೆಗೆ ಹೋಗಿ ಆಪರೇಷನ್ನಿಗೆ ಹಾಕುವ ತೆಳು ರಬ್ಬರಿನ ಕೈಗವಸು ತಂದರು. ಬಿಳಿಯವು, ಒಳಗಿನದು ಒಂದಿಷ್ಟೂ ಕಾಣದಂಥವು. ಅವರೇ ತೊಡಿಸಿದರು. ಒಂದೊಂದು ಬೆರಳನ್ನೂ ಎಳೆದು ಸುಕ್ಕು ತೆಗೆದು, "ಬಿಗಿಯಾಯ್ತಾ ಮರಿ?" ಎಂದು ಕೇಳಿದರು. ಆ ಒಂದು ಮಾತಿಗೆ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಸಣಕಲು ಮೇಷ್ಟ್ರ ಮೇಲಿನದು ಇನ್ನೂ ಇದೆ.

ಮಧ್ಯಾಹ್ನ ಹೊರಗೆ ಬಂದಾಗ ಗವಸಿನೊಳಗೆ ಬೆವರು ಕುಲುಕಾಡುತ್ತಿತ್ತು. ಅವನ್ನು ಬಿಚ್ಚಲಿಕ್ಕೆ ಅವಳಿಗೆ ಮನಸ್ಸೇ ಇರಲಿಲ್ಲ.

"ಪಕ್ಕದ ಹುಡುಗಿ, ಎಲ್ಲಿ ಕೊಡ್ತಿದಾರೆ ಇದನ್ನ, ನಂಗೂ ಬೇಕು ಅಂತ ಮೇಡಮ್ಮನ್ನ ಕೇಳಿದ್ಳು ದೊಡ್ಡಮ್ಮ," ಎಂದು ನಗುತ್ತಾ ಹೇಳಿದಳು. "ನಂಗೇನೋ ವಿಶೇಷ ಸೌಕರ್ಯ ಅಂದ್ಕೊಂಡಿದ್ಳು ಪಾಪ. ಅಂದಹಾಗೆ ಬೆಂಜೀನ್ ಮೇಲೆ ನಿಜವಾಗ್ಲೂ ಒಂದು ಪ್ರಶ್ನೆ ಬಂದಿತ್ತು. ಅದು ರಸಾಯನಶಾಸ್ತ್ರದಲ್ಲಿ ಬರೋ ಒಂದು ಆರು ಮೂಲೆ ಚಿತ್ರ."

"ಆ ಸಣಕಲನೇ ಬರೆದಿರ್ಬೇಕು ಪ್ರಶ್ನೆನ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲಾ ಹಳದಿ. ನೀನು ಉತ್ತರ ಬರೆದ್ಯಾ?"

"ಬರೆಯದೆ ಬಿಡ್ತೀನಾ? ಅಮ್ಮ ಕೈಗೇ ಹಾಕಿ ಕಳಿಸಿದಾಳೆ."

ಫಲಿತಾಂಶ ಬರುವ ತನಕ ಅವಳನ್ನು ಬೆಟ್ಟಕ್ಕೆ ಕಳಿಸಲಿಲ್ಲ. ಹಮಾಮಿನ ಮುಂಬಾಗಿಲಲ್ಲಿ ಕೂತು ಟವೆಲು ಮಡಿಸಿ ಕೊಡುತ್ತಿದ್ದಳು. ಒಂದು ದಿನ ಅಲ್ಲಿಂದ ದೊಡ್ಡಮ್ಮಾ ಎಂದು ಕಿರುಚಿದಳು. ಸಾಬೂನು ಕೈಯಲ್ಲೇ ಓಡಿದೆ. ಫೋನಿನಲ್ಲಿ ಬಂದ ಹೆಸರುಗಳ ಪಟ್ಟಿಯನ್ನು ನನ್ನ ಮುಖದ ಮುಂದೆ ಹಿಡಿದು, "ಇದು ನಾನೇ," ಎಂದಳು. ನನಗೆ ಓದಲು ಬಾರದೆಂದು ಅವಳಿಗೂ ಮರೆತಿತ್ತು, ನನಗೂ ಮರೆತಿತ್ತು. ಅವಳ ಕಣ್ಣಲ್ಲಿ ನೀರು ನೋಡಿ ಸೀಟು ಸಿಕ್ಕಿತೆಂದು ತಿಳಿದೆ. ನಾಲಿಗೆ ಆಡಿಸಿ ಮದುವೆಮನೆಯ ಕೂಗು ಹಾಕಿದೆ. ಒಳಗೆ ಕೊಳೆ ತಿಕ್ಕಿಸಿಕೊಳ್ಳುತ್ತಿದ್ದ ಹೆಂಗಸರೂ, ಯಾಕೆ ಏನು ಎಂದು ತಿಳಿಯದೆಯೇ, ಸೇರಿ ಕೂಗಿದರು. ನನ್ನ ಬದುಕಿನಲ್ಲಿ ಅಷ್ಟು ಸುಖ ನಾನು ಕಂಡಿಲ್ಲ.

ಇಜ್ಜಾಗೆ ಫೋನು ಮಾಡಿದೆವು. ಅವಳು ಮೊದಲು ಅತ್ತಳು, ಆಮೇಲೆ ದೇವರನ್ನು ನೆನೆದಳು, ಆಮೇಲೆ ತನ್ನ ಬುದ್ಧಿಗೆ ಬಂದಳು.

"ಮದರಂಗಿ ಬೇಡ ಅಂತಿದ್ಯಲ್ಲ. ಈಗ ಏನಂತೀಯ?"

ಪಡಸಾಲೆಯಲ್ಲಿ ಆದದ್ದನ್ನೆಲ್ಲ ಹೇಳಿ ಅವಳ ಜಂಬ ಇಳಿಸೋಣವೆಂದು ನನ್ನ ನಾಲಿಗೆ ತುರಿಸಿತು. ತಿಲಿಲಾ ಕಣ್ಣಲ್ಲೇ ನನ್ನನ್ನು ತಡೆದಳು.

"ಹೌದಮ್ಮ, ನಿನ್ನ ಮದರಂಗಿದೇ ಮಾತು ಅಲ್ಲಿ. ದೊಡ್ಡ ದೊಡ್ಡ ಮೇಷ್ಟ್ರುಗಳೆಲ್ಲ ಬಂದು ನನ್ನ ಕೈ ಹಿಡ್ಕೊಂಡು ನೋಡಿದ್ರು."

ಆ ಕಡೆ ಗಾಬರಿಯಾದಂತಿತ್ತು. "ಅಯ್ಯೋ, ಎಡಗೈನೂ ನೋಡಿದ್ರಾ? ಆರು ಮೂಲೆ ನಕ್ಷತ್ರ ಹಾಕಕ್ಕೆ ಹೋದೆ, ನೀನು ನಿದ್ದೇಲಿ ಕೈ ಎಳ್ಕೊಂಡೆ, ಸೊಟ್ಟ ಆಗೋಯ್ತು. ಅಂಥೋರ ಮುಂದೆ ನನ್ನ ಮಾನ ಹೋಯ್ತಲ್ಲೇ."

"ಇಲ್ಲಮ್ಮ," ಎಂದಳು ತಿಲಿಲಾ. "ಎಲ್ಲಕ್ಕಿಂತ ಜಾಸ್ತಿ ಹೊತ್ತು ಅದನ್ನೇ ನೋಡಿದ್ರು."