ಚಿನ್ನಿ ಹೇಳಿದ ಹೆಸರು

ಎರಡನೆಯ ಗುಂಡು ಹಾರಲೇ ಇಲ್ಲ. ಉತ್ತಯ್ಯ ಕೋವಿಯನ್ನು ಆಕಾಶಕ್ಕೆ ಹಿಡಿದು ಮತ್ತೆ ಮತ್ತೆ ಅದುಮಿದ. ತೇವ ಹಿಡಿದ ತೋಟಾ ಟಿಕ್ ಎಂದಿತು, ಅಷ್ಟೆ.

"ಇನ್ನೊಂದು ತೋಟಾ ಇಲ್ವೇನ್ರೀ?" ಎಂದ ಅಂಗಡಿ ರೇವಣ್ಣ.

"ಇದ್ದದ್ದೇ ಎರಡು."

ಕೊಡಗಿನಲ್ಲಿ ಸಾವಿಗೆ ಒಂದರ ಬೆನ್ನಿಗೊಂದು ಎರಡು ಗುಂಡು ಹಾರಿಸಬೇಕು. ಒಂದೇ ಗುಂಡು ಕೇಳಿದರೆ ಎಲ್ಲೋ ಗಂಡುಮಗು ಹುಟ್ಟಿತೆಂದು ಅರ್ಥ. ಅರ್ಧ ಗಂಟೆಯೊಳಗೆ ಬೋಜಮ್ಮಜ್ಜಿ ಒಂದು ಸೀಸೆ ಜೇನು ಹಿಡಿದುಕೊಂಡು ಗದ್ದೆಯ ಬದುವಿನ ಮೇಲೆ ನಗುನಗುತ್ತ ಬಂದೇಬಿಟ್ಟಳು.

"ಈ ಮನೆಯಲ್ಲಿ ಹೆರುವ ಪ್ರಾಯದವರು ಯಾರಪ್ಪಾ ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿದೆ!" ಎನ್ನುತ್ತ ಜಗಲಿ ಹತ್ತಿದವಳು, ಚಾಪೆಯ ಮೇಲೆ ಮಲಗಿಸಿದ್ದ ಅರವತ್ತೆಂಟರ ಪದ್ಮಯ್ಯನನ್ನು ಕಂಡು ಅಲ್ಲೇ ಕುಸಿದಳು. "ಅಯ್ಯೋ ಪದ್ಮಯ್ಯಾ, ನಿನಗೆ ಜೇನು ನೆಕ್ಕಿಸಲಿಕ್ಕೆ ಬಂದೆನಲ್ಲಾ ನಾನು!" ಎಂದು ಗೋಳೋ ಎಂದು ಅತ್ತಳು. ಅಳುತ್ತ ಅಳುತ್ತ ಅವಳಿಗೇ ನಗು ಬಂತು. ಬೆಳಗಿನಿಂದ ತುಟಿ ಬಿಗಿದು ಕೂತಿದ್ದ ಪದ್ಮಯ್ಯನ ಹೆಂಡತಿ ನೀಲಾವತಿಗೂ ತಡೆಯಲಾಗಲಿಲ್ಲ.

"ಹೀಗೆ ಒಬ್ಬೊಬ್ಬರೇ ತೊಟ್ಟಿಲು ಹೊತ್ಕೊಂಡು ಬಂದ್ರೆ ಕಷ್ಟ," ಎಂದಳು ಕಣ್ಣೊರೆಸಿಕೊಂಡು. "ಚಿನ್ನಿಯೇ ಹೋಗಿ ಹೇಳಿ ಬರಲಿ. ಉತ್ತಯ್ಯಾ, ನೀನೇ ಹೊರಡಿಸು."

ಉತ್ತಯ್ಯನಿಗೆ ಚಿನ್ನಿಯ ಹ್ಯಾಂಡಲ್ ತಿರುಗಿಸಿ ಗೊತ್ತಿತ್ತು, ಓಡಿಸಿಯೂ ಗೊತ್ತಿತ್ತು. ಆದರೆ ಚಿನ್ನಿಯ ಬಾಯಾಗುವುದೆಂದರೆ? ಅದರಲ್ಲೂ ಊರಿನವರೆಲ್ಲರನ್ನೂ ಬಿಟ್ಟು ತಾನೇ?

*

ಚಿನ್ನಿ ಎಂದರೆ ಮಹಾಯುದ್ಧ ಮುಗಿದ ಮೇಲೆ ಪದ್ಮಯ್ಯ ಹರಾಜಿನಲ್ಲಿ ಹಿಡಿದು ತಂದ ಮಿಲಿಟರಿ ವ್ಯಾನು. ಮೂತಿಗೆ ಹ್ಯಾಂಡಲ್ ತುರುಕಿ ಬಲವಾಗಿ ತಿರುಗಿಸಿದರೇ ಅದರ ಎಂಜಿನ್ ಶುರುವಾಗುವುದು. ಅದರ ನೆತ್ತಿಯ ಮೇಲೆ ಎರಡು ಲೌಡ್‌ಸ್ಪೀಕರ್ ಕಟ್ಟಿ, ಟೂರಿಂಗ್ ಟಾಕೀಸಿನ ಹೊಸ ಚಿತ್ರ, ಎಲೆಕ್ಷನ್ನು, ಕಳೆದುಹೋದ ಎಮ್ಮೆ ಎಲ್ಲವನ್ನೂ ಅವನು ಕಕ್ಕಬೆಯ ಸುತ್ತಿನ ಹಳ್ಳಿಗಳಿಗೆ ಸಾರುತ್ತಿದ್ದ. ಮಾತಾಡುವುದು ತಾನೆಂದು ಮಾತ್ರ ಒಂದು ದಿನವೂ ಒಪ್ಪಿದವನಲ್ಲ. ಸ್ವರ ಸಣ್ಣ ಮಾಡಿಕೊಂಡು, "ನಾನು ಚಿನ್ನಿ ಮಾತಾಡ್ತಾ ಇದ್ದೇನೆ" ಎಂದೇ ಶುರು. ಯಾರಾದರೂ ಕೆಣಕಿದರೆ, "ನಾನು ಬರೀ ಡ್ರೈವರು ಮಾರಾಯ, ಅವಳಿಗೆ ತೋಚಿದ್ದು ಅವಳು ಹೇಳ್ತಾಳೆ" ಎನ್ನುತ್ತಿದ್ದ. ಇದನ್ನು ಅರ್ಧವಾದರೂ ನಂಬದವರು ಊರಲ್ಲಿ ಯಾರೂ ಇರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಧರ್ಮಪಾಲನ ಮನೆಯಿಂದ ಒಂದು ಮೂಟೆ ಒಣಗಿಸಿದ ಏಲಕ್ಕಿ ಮಾಯವಾಯಿತು. ಧರ್ಮಪಾಲ ಮೂಗಿನ ತುದಿಯಲ್ಲೇ ಸಿಟ್ಟಿದ್ದವನು. ಕದ್ದವನ ಕಾಲು ಮುರಿಯದೆ ಬಿಡುವುದಿಲ್ಲವೆಂದು ಊರೆಲ್ಲ ಹಾರಾಡಿದ. ಮರುದಿನ ಚಿನ್ನಿ ರಸ್ತೆಗಿಳಿಯಿತು.

"ಕದ್ದವರೇ, ನನ್ನ ಎರಡು ಕಣ್ಣಿನ ಬೆಳಕು ಎಲ್ಲೆಲ್ಲಿ ಬೀಳ್ತದೆ ಅಂತ ನಿಮಗೇನು ಗೊತ್ತು? ನಾನು ನೋಡಿದ್ದೇನೆ. ಹೆಸರು ಹೇಳುವುದಿಲ್ಲ. ನಾಳೆ ಬೆಳಗಾಗುವುದರೊಳಗೆ ಮೋರಿ ಹತ್ತಿರ ಇಟ್ಟುಬಿಡಿ. ಆಗ ನಾನು ಕಣ್ಣು ಮುಚ್ಚಿಕೊಂಡಿರ್ತೇನೆ."

ಬೆಳಗ್ಗೆ ಮೋರಿಯ ಹತ್ತಿರ ಏಲಕ್ಕಿ ಮೂಟೆ ಇತ್ತು. ಅದರ ಪಕ್ಕದಲ್ಲಿ ಒಂದು ಹಿತ್ತಾಳೆ ಚೆಂಬು, ಶಾಲೆಯ ಗಂಟೆ, ಕಾಲು ಕಟ್ಟಿದ ಎರಡು ಹುಂಜ, ಯಾರದ್ದೋ ಕೊಡೆ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಮೂರು ವರ್ಷದಿಂದ ಹುಡುಕುತ್ತಿದ್ದ ಕುರ್ಚಿ! ಊರಿನಲ್ಲಿ ಎಷ್ಟು ಮಂದಿಯ ಮನಸ್ಸಿನಲ್ಲಿ ಅಳುಕಿತ್ತೋ ಅಷ್ಟು ಮಂದಿಯೂ ಚಿನ್ನಿ ಹೇಳಿದ್ದು ತಮಗೇ ಎಂದುಕೊಂಡಿದ್ದರು. ಆಮೇಲೆ ಠಾಣೆಗೆ ದೂರು ಕೊಡಲು ಹೋದವರನ್ನು ಅಲ್ಲಿನವರೇ, "ಮೊದಲು ಚಿನ್ನಿಗೆ ಹೇಳಿ ನೋಡಿದಿರಾ?" ಎಂದು ಕೇಳುವ ಹಾಗಾಯಿತು.

ಏಲಕ್ಕಿ ಕದ್ದವನು ಉತ್ತಯ್ಯ. ಬಡತನಕ್ಕಲ್ಲ, ದುರಾಸೆಗಲ್ಲ, ಬರೀ ರೋಷಕ್ಕೆ. ಧರ್ಮಪಾಲ ತುಂಬಿದ ಸಂತೆಯಲ್ಲಿ, "ಉತ್ತಯ್ಯನ ಏಲಕ್ಕಿಗೆ ಪರಿಮಳವೇ ಇಲ್ಲ, ಹೊಟ್ಟು ಮೂಸಿದ ಹಾಗೆ" ಎಂದು ನಾಲ್ಕು ಜನರನ್ನು ನಗಿಸಿದ್ದ. ಮೂಟೆ ಹೊತ್ತು ತಂದದ್ದಾಯಿತು, ಮಾರುವ ಧೈರ್ಯ ಬರಲಿಲ್ಲ. ಅಟ್ಟದಲ್ಲಿ ಬಚ್ಚಿಟ್ಟರೆ ಅದರ ಘಮ ಮನೆಯಿಡೀ ಹಬ್ಬಿ ಉಣ್ಣಲೂ ಬಿಡಲಿಲ್ಲ.

ಮೂಟೆ ಹಿಂದಿಟ್ಟ ಮೂರನೇ ದಿನ ಪದ್ಮಯ್ಯ ಅವನ ಮನೆಗೆ ಬಂದು, ಕಾಫಿ ಕುಡಿದು, ಬಹಳ ಹೊತ್ತು ಅವನನ್ನೇ ನೋಡಿ, "ಚಿನ್ನಿಗೆ ಹ್ಯಾಂಡಲ್ ತಿರುಗಿಸಲಿಕ್ಕೆ ಒಬ್ಬ ಬೇಕು. ನೀನೇ ಬರಬೇಕು" ಎಂದ. ಇದು ಶಿಕ್ಷೆ ಎಂದುಕೊಂಡು ಉತ್ತಯ್ಯ ತಲೆ ತಗ್ಗಿಸಿ ಹಿಂದೆ ಹೋದ. ಹನ್ನೆರಡು ವರ್ಷ ಜೊತೆಗೆ ಸುತ್ತಿ, ಒಂದೇ ಎಲೆಯಲ್ಲಿ ಉಂಡು, ಶಿಕ್ಷೆ ಯಾವಾಗ ಸ್ನೇಹವಾಯಿತೋ ಗೊತ್ತಾಗಲಿಲ್ಲ. ಆದರೆ ಪದ್ಮಯ್ಯ ತನ್ನನ್ನು ನೋಡಿ ನಕ್ಕಾಗಲೆಲ್ಲ, ಇವನಿಗೆ ಗೊತ್ತುಂಟು, ಗೊತ್ತಿದ್ದೂ ನನ್ನನ್ನು ಮನ್ನಿಸಿದ್ದಾನೆ ಎಂಬ ಭಾವನೆ. ಅದರಿಂದ ಅವನಿಗೆ ನಾಚಿಕೆಯೂ ಆಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

*

"ನಾನು ಚಿನ್ನಿ ಮಾತಾಡ್ತಾ ಇದ್ದೇನೆ. ಮಗು ಹುಟ್ಟಿದ್ದಲ್ಲ. ನಮ್ಮ ಪದ್ಮಯ್ಯ ಹೋದ."

ಉತ್ತಯ್ಯ ಊರೆಲ್ಲ ಸುತ್ತಿ ಸಾರಿ ಬಂದ. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಒಂದು ಕಡೆ ಚಟ್ಟ ಕಟ್ಟುತ್ತಿದ್ದರು. ಇನ್ನೊಂದು ಕಡೆ ಕೂತವರ ಮಾತು ಚಿನ್ನಿಯ ಕಡೆಗೇ ತಿರುಗಿತು. ಪದ್ಮಯ್ಯನ ಬಗ್ಗೆ ಮಾತಾಡುತ್ತ ಮುಖ ಸಪ್ಪೆ ಮಾಡಿಕೊಂಡಿರುವುದು ಯಾರಿಂದಲೂ ಆಗುತ್ತಿರಲಿಲ್ಲ.

"ಆ ಹಿತ್ತಾಳೆ ಚೆಂಬು ಇಟ್ಟದ್ದು ನಾನೇ," ಎಂದಳು ಬೋಜಮ್ಮಜ್ಜಿ. "ನನ್ನ ಅತ್ತಿಗೆಯದ್ದು. ಅವಳೇ ಇಲ್ಲ ಈಗ, ಇನ್ನು ಎಂತ ನಾಚಿಕೆ?"

"ರೈಟರ್ ಕುರ್ಚಿ ನಂದೇ ಕೆಲ್ಸ ಕಣ್ರೀ," ಎಂದ ರೇವಣ್ಣ. "ಮೂರು ವರ್ಷ ಕೂತಿದ್ದೆ ಅದ್ರ ಮ್ಯಾಲೆ. ಭಾಳ ಚೆನ್ನಾಗಿತ್ತು."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಧರ್ಮಪಾಲನೊಬ್ಬ ನಗಲಿಲ್ಲ. "ಎಲ್ಲರೂ ಒಪ್ಪಿಕೊಂಡಿರಿ. ನನ್ನ ಮೂಟೆ ಹೊತ್ತವ ಮಾತ್ರ ಬಾಯಿ ಹೊಲಿದುಕೊಂಡಿದ್ದಾನೆ," ಎಂದು ದುರುಗುಟ್ಟಿದ. "ನೀಲಕ್ಕಾ, ಪದ್ಮಣ್ಣನಿಗೆ ಗೊತ್ತಿತ್ತಲ್ಲ? ನಿನಗಾದರೂ ಹೇಳಿರಬೇಕು."

"ಎಲ್ಲಿಯ ಗೊತ್ತು!" ಎಂದಳು ನೀಲಾವತಿ. "ಚಿನ್ನಿ ಎಂತದ್ದೂ ನೋಡಿರಲಿಲ್ಲ. ಸುಮ್ಮನೆ ಬಿಟ್ಟ ಬಾಣ ಅದು. ಮೊನ್ನೆ ಕೂಡ ಗಂಜಿ ಕುಡೀತಾ ಕೇಳಿದ್ರು, 'ಏಲಕ್ಕಿ ಕಳ್ಳ ಯಾರಿರಬಹುದು ನೀಲಾ? ಅದೊಂದು ತಿಳೀದೇ ಹೋಗ್ತೇನಲ್ಲಾ' ಅಂತ."

ಉತ್ತಯ್ಯ ಅವಳ ಹತ್ತಿರ ಬಂದ. "ಹಾಗಾದ್ರೆ ಅಂದು ನನ್ನನ್ನು ಕರೆದದ್ದು ಯಾಕೆ ಅಕ್ಕ?"

"ನಿನ್ನ ತೋಳು ನೋಡಿ ಮಾರಾಯ. ಆ ಹ್ಯಾಂಡಲ್ ಮತ್ತೆ ಯಾರಿಂದ ತಿರುಗ್ತದೆ?"

ಉತ್ತಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪದ್ಮಯ್ಯ ತನ್ನನ್ನು ಮನ್ನಿಸಿ ಸೇರಿಸಿಕೊಂಡದ್ದಲ್ಲ; ಬರೀ ಇಷ್ಟಪಟ್ಟು ಇಟ್ಟುಕೊಂಡದ್ದು. ಆದರೆ ಅವನು ಇಷ್ಟಪಟ್ಟದ್ದು ಯಾರನ್ನು? ಹನ್ನೆರಡು ವರ್ಷ ಪಕ್ಕದಲ್ಲೇ ಕೂತ ಕಳ್ಳನನ್ನು ಗುರುತಿಸದೆ ಹೊರಟಿದ್ದಾನೆ. ಇನ್ನು ಅರ್ಧ ಗಂಟೆಯಲ್ಲಿ ಹೆಣ ಎತ್ತುತ್ತಾರೆ. ಈಗ ಹೇಳದಿದ್ದರೆ ಪದ್ಮಯ್ಯನಿಗೆ ಎಂದೆಂದಿಗೂ ಹೇಳಿದ ಹಾಗಾಗುವುದಿಲ್ಲ.

ಅವನು ಸೀದಾ ಹೋಗಿ ಚಿನ್ನಿಯ ಬಾಗಿಲು ತೆಗೆದು ಕೂತ. ಲೌಡ್‌ಸ್ಪೀಕರ್ ಗೊರಗೊರ ಎಂದದ್ದೇ ಅಂಗಳದವರೆಲ್ಲ ಅತ್ತ ತಿರುಗಿದರು.

"ನಾನು ಚಿನ್ನಿ ಮಾತಾಡ್ತಾ ಇದ್ದೇನೆ," ಎಂದ ಸಣ್ಣ ಸ್ವರದಲ್ಲಿ. "ಪದ್ಮಯ್ಯಾ, ಕೇಳು. ಇಷ್ಟು ವರ್ಷ ಹೆಸರು ಹೇಳುವುದಿಲ್ಲ ಅಂತ ಹೇಳ್ತಾ ಬಂದೆ. ಇವತ್ತು ಹೇಳ್ತೇನೆ. ಧರ್ಮಪಾಲಣ್ಣನ ಏಲಕ್ಕಿ ಕದ್ದವನು..." ಅಲ್ಲಿಗೆ ಸಣ್ಣ ಸ್ವರ ಕೈಕೊಟ್ಟಿತು. ಉಳಿದದ್ದು ಉತ್ತಯ್ಯನದ್ದೇ ಒಡಕು ಗಂಟಲಲ್ಲಿ ಬಂತು. "ನಾನು. ಉತ್ತಯ್ಯ. ನಿನ್ನ ಹ್ಯಾಂಡಲಿನವ."

ಎದುರಿನ ಬೆಟ್ಟ ಆ ಹೆಸರನ್ನು ಇನ್ನೊಮ್ಮೆ ಹೇಳಿತು. ಧರ್ಮಪಾಲ ಎದ್ದು ದಾಪುಗಾಲಿಡುತ್ತ ಬಂದು ವ್ಯಾನಿನ ಬಾಗಿಲು ಹಿಡಿದ. ಉತ್ತಯ್ಯ ಕೆಳಗಿಳಿದು ಕಣ್ಣು ಮುಚ್ಚಿ ನಿಂತ.

"ನನ್ನದ್ದೇ ಮೂಟೆ ಯಾಕೆ?"

"ಸಂತೆಯಲ್ಲಿ ನನ್ನ ಏಲಕ್ಕಿಗೆ ಪರಿಮಳ ಇಲ್ಲ ಅಂದ್ರಿ."

ಧರ್ಮಪಾಲ ಬಾಗಿಲಿನಿಂದ ಕೈ ತೆಗೆದ. ಅವನ ಮೀಸೆ ಅದುರಿತು. "ಅದು ಸುಳ್ಳು," ಎಂದ ಕೊನೆಗೆ ನೆಲ ನೋಡುತ್ತ. "ಆ ವರ್ಷ ನಿನ್ನದ್ದು ನನ್ನದ್ದಕ್ಕಿಂತ ಒಳ್ಳೆಯದಿತ್ತು. ಹೊಟ್ಟೆ ಉರಿದು ಹಾಗೆ ಹೇಳಿದ್ದು."

ಮೊದಲು ನಕ್ಕದ್ದು ಬೋಜಮ್ಮಜ್ಜಿ. ಆಮೇಲೆ ಯಾರು ಯಾರೆಂದು ಹೇಳುವಂತಿರಲಿಲ್ಲ.

ನೀಲಾವತಿ ಗಂಡನ ಪಕ್ಕದಲ್ಲಿ ಮೊಣಕಾಲೂರಿ, ಅವನ ಕಿವಿಗೆ ಬಾಯಿ ಹಚ್ಚಿ, "ಇವರೇ, ಕೇಳಿತಾ? ನಮ್ಮ ಉತ್ತಯ್ಯನೇ ಅಂತೆ!" ಎಂದು ಗುಟ್ಟು ಹೇಳುವವಳಂತೆ ಹೇಳಿದಳು. ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣೀರು ಅವಳ ಕೈಮೇಲೆ ಬಿತ್ತು.

ಚಟ್ಟ ಎತ್ತುವ ಹೊತ್ತಾಯಿತು. ಧರ್ಮಪಾಲ ಮುಂದಿನ ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟ. ಎಡಗಡೆಗೆ ಕೈ ಹಾಕಲು ಬಂದ ರೇವಣ್ಣನನ್ನು ಮೊಣಕೈಯಿಂದ ಆಚೆ ಸರಿಸಿ, ಆ ಜಾಗವನ್ನು ಖಾಲಿ ಇಟ್ಟುಕೊಂಡು, ಉತ್ತಯ್ಯನ ಕಡೆ ಮುಖ ತಿರುಗಿಸಿ ಕಾಯುತ್ತ ನಿಂತ.