ಹ್ಯಾಂಗ್ ಆಗದ ಕಂಪ್ಯೂಟರ್

ಬೀಗದ ಮೇಸ್ತ್ರಿಗೆ ಬೇಕಾಗಿದ್ದದ್ದು ಒಂದೇ ಒಂದು: ಮೂರು ದಿನ ಒಂದೇ ಸಮನೆ ಓಡಿದರೂ ನಡುವೆ ಕೈಕೊಡದ ಕಂಪ್ಯೂಟರ್. ವೇಗ ಬೇಡ, ಒಳಗೆ ಮಿನುಗುವ ಬಣ್ಣದ ದೀಪ ಬೇಡ, ಆಟ ಆಡುವವರ ಕಾರುಬಾರು ಯಾವುದೂ ಬೇಡ. ಹ್ಯಾಂಗ್ ಆಗಬಾರದು, ಅಷ್ಟೇ.

ಯಾಕೆ ಅಂದರೆ, ಹೆಂಡತಿಯ ದನಿಗಾಗಿ. ಗಂಟಲಿನ ಗಡ್ಡೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಆಸ್ಪತ್ರೆಯಲ್ಲಿ ಒಬ್ಬಳು ಪುಣ್ಯಾತ್ಗಿತ್ತಿ ದಾರಿ ತೋರಿಸಿದ್ದಳು. ಆಪರೇಷನ್ನಿಗೆ ಮೊದಲು ಸಾವಿರದ ಆರುನೂರು ವಾಕ್ಯ ಓದಿ ರೆಕಾರ್ಡ್ ಮಾಡಿಡಿ, ಅದನ್ನೆಲ್ಲ ಅರೆದು ದನಿ ಕಟ್ಟುವ ಪ್ರೋಗ್ರಾಮ್ ಇದೆ, ಆಮೇಲೆ ನೀವು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ನಿಮ್ಮ ದನಿಯಲ್ಲೇ ಹೇಳುತ್ತದೆ ಎಂದಿದ್ದಳು. ಹತ್ತೊಂಬತ್ತು ದಿನ ಹೆಂಡತಿ ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಮೈಕಿನ ಮುಂದೆ ಕೂತು ಓದಿದಳು. ಕೊನೆಯ ನಾಲ್ಕು ದಿನ ಒಂದೊಂದು ವಾಕ್ಯಕ್ಕೂ ಒಂದೊಂದು ಗುಟುಕು ನೀರು ಬೇಕಾಯಿತು. ಇಪ್ಪತ್ತನೆಯ ದಿನ ಆಪರೇಷನ್ ಆಯಿತು.

ಅದು ಅಂತಿಂಥ ದನಿಯಲ್ಲ. ಇಪ್ಪತ್ತೇಳು ವರ್ಷ ಬೀಗದ ಅಂಗಡಿಯ ಫೋನ್ ಎತ್ತಿದ್ದು ಅವಳು. ಕೀಲಿ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡವರು, ಒಲೆಯ ಮೇಲೆ ಹಾಲಿಟ್ಟು ಹೊರಗೆ ಸಿಕ್ಕಿಬಿದ್ದವರು, ಸ್ನಾನದ ಮನೆಯಲ್ಲಿ ಮಗು ಚಿಲಕ ಹಾಕಿಕೊಂಡಿತೆಂದು ಅಳುವವರು, ಎಲ್ಲರಿಗೂ ಒಂದೇ ಉತ್ತರ. "ಗಾಬರಿ ಆಗ್ಬೇಡಿ, ಎಲ್ಲಾದ್ರೂ ಒಂದ್ಕಡೆ ಕೂತ್ಕೊಳ್ಳಿ, ನಮ್ಮನೆಯವರು ಹೊರಟಾಯ್ತು." ನಮ್ಮನೆಯವರು ಎನ್ನಿಸಿಕೊಂಡ ಮಹಾಶಯ ಇನ್ನೂ ಚಹಾ ಊದಿಕೊಂಡು ಕುಡಿಯುತ್ತಿರುತ್ತಿದ್ದ, ಆ ಮಾತು ಬೇರೆ. ಅವನು ಹೋಗಿ ಮುಟ್ಟುವಷ್ಟರಲ್ಲಿ ಜನ ಅರ್ಧ ಸಮಾಧಾನ ಆಗಿರುತ್ತಿದ್ದರು. ಈಗ ಅವಳ ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ನು.

ದನಿ ಕಟ್ಟುವ ಕೆಲಸಕ್ಕೆ ಮೂರು ದಿನ ಬೇಕು. ಮನೆಯ ಹಳೆಯ ಕಂಪ್ಯೂಟರ್ ಮೊದಲ ಸಲ ಹನ್ನೊಂದು ಗಂಟೆ ಓಡಿ ನಿಂತಿತು. ಎರಡನೆಯ ಸಲ ಆರು ಗಂಟೆ. ಆಮೇಲಂತೂ ಪ್ರೋಗ್ರಾಮ್ ತೆರೆದರೆ ಸಾಕು, ಪರದೆ ನೀಲಿಯಾಗಿ ಕೂತುಬಿಡುತ್ತಿತ್ತು. ಬೇರೆ ಊರಿನಲ್ಲಿ ನರ್ಸ್ ಆಗಿರುವ ಮಗಳು, "ಅಪ್ಪ, ರೆಕಾರ್ಡಿಂಗ್ ನನಗೆ ಕಳಿಸಿ, ಇಲ್ಲಿ ಯಾರ ಹತ್ರನಾದ್ರೂ ಮಾಡಿಸ್ತೀನಿ. ಅದೂ ಬೇಡ ಅಂದ್ರೆ ಒಂದು ಕಾಪಿನಾದ್ರೂ ತೆಗೆದಿಡಿ," ಎಂದು ಫೋನಿನಲ್ಲಿ ಬಡಕೊಂಡಳು. ಮೇಸ್ತ್ರಿ ಜಪ್ಪಯ್ಯ ಅನ್ನಲಿಲ್ಲ. ಯಾರದೋ ದನಿ ಕದ್ದು ಅವರ ಮನೆಯವರಿಗೇ ಫೋನ್ ಮಾಡಿ ಮೋಸ ಮಾಡಿದ ಸುದ್ದಿಯನ್ನು ಅವನು ಪೇಪರಿನಲ್ಲಿ ಓದಿದ್ದ.

ಅದಕ್ಕಿಂತ ಹೆಚ್ಚಾಗಿ, ಅದು ಕಸುಬಿನಿಂದ ಬಂದ ಬುದ್ಧಿ. ಗಿರಾಕಿಯ ಕೀಲಿಯ ಇನ್ನೊಂದು ಪ್ರತಿ ಅಂಗಡಿಯಲ್ಲಿ ಉಳಿಯಕೂಡದು ಎಂದು ಕೆಲಸ ಕಲಿಸಿದ ಗುರು ಕಿವಿ ಹಿಂಡಿ ಹೇಳಿದ್ದ. ತಪ್ಪಿ ಒಂದು ಹೆಚ್ಚಾಗಿ ಕತ್ತರಿಸಿದರೆ ಗಿರಾಕಿಯ ಎದುರೇ ಅರ ಹಾಕಿ ಅದರ ಹಲ್ಲು ಉಜ್ಜಿಬಿಡಬೇಕು. ಹಾಗೆ ಬದುಕಿದ ಮನುಷ್ಯ, ರೆಕಾರ್ಡಿಂಗ್ ಮುಗಿದ ದಿನವೇ ಅದಿದ್ದ ಡಿಸ್ಕಿಗೆ ಆರಂಕಿಯ ಪಿನ್ ಇಟ್ಟು ಲಾಕ್ ಹಾಕಿದ. ಪಿನ್ ಮರೆತರೆ ಬೇಕಾಗುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಕಂಪ್ಯೂಟರ್ ನಲವತ್ತೆಂಟು ಅಂಕಿಯ ಒಂದು ಸಂಖ್ಯೆ ಕೊಟ್ಟಿತು. ಅದನ್ನು ಪ್ರಿಂಟ್ ತೆಗೆದು ನೋಡಿ, "ಇದು ಕಳ್ಳನಿಗೆ ಬರೆದುಕೊಟ್ಟ ಚೀಟಿ," ಎಂದು ಚೂರುಚೂರು ಹರಿದು ಕಸದ ಬುಟ್ಟಿಗೆ ಹಾಕಿದ. ಅಯ್ಯೋ, ಇಂಥವರಿಗೆ ಏನು ಹೇಳುವುದು. ನಲವತ್ತು ವರ್ಷ ಸರಿಯಾಗಿದ್ದ ಬುದ್ಧಿ ಒಂದು ದಿನ ತಪ್ಪಾಗಬಹುದು ಎಂದು ಯಾರಿಗಾದರೂ ಹೇಗೆ ಹೊಳೆಯಬೇಕು.

ಆ ಡಿಸ್ಕನ್ನು ಹಾಗೇ ಇಟ್ಟುಕೊಂಡು ಉಳಿದದ್ದನ್ನು ಹೊಸದಾಗಿ ಕಟ್ಟೋಣವೆಂದು ಬಿಡಿಭಾಗ ಕೊಳ್ಳಲು ಅವನು ಹೋದದ್ದು ಪಕ್ಕದ ಬೀದಿಯ ಕಂಪ್ಯೂಟರ್ ಅಂಗಡಿಗೆ. ಅಂಗಡಿಯವನನ್ನು ಎಲ್ಲರೂ ಕರೆಯುವುದು ರೇಡಿಯೋ ಎಂದು, ಬಾಯಿಗೆ ಬಿಡುವೇ ಇಲ್ಲ ಎಂಬ ಕಾರಣಕ್ಕೆ. ಆದರೆ ಕೆಲಸ ಬಲ್ಲವನು. ಮೇಸ್ತ್ರಿ ಮೂರು ವಾರದಲ್ಲಿ ಎಂಟು ಸಲ ಹೋಗಿ ಅವನ ತಲೆ ತಿಂದ.

"ಇವತ್ತು ಬಂದ ಮಾಡೆಲ್ ಬೇಡ ಮೇಸ್ತ್ರಿ," ಎಂದ ರೇಡಿಯೋ. "ಎರಡು ವರ್ಷ ಹಳೇ ಪ್ರೊಸೆಸರ್ ತಗೊಳ್ಳಿ. ಅದರ ಹುಳುಕೆಲ್ಲ ಇಷ್ಟೊತ್ತಿಗೆ ಹೊರಗೆ ಬಿದ್ದು ರಿಪೇರಿನೂ ಆಗಿರುತ್ತೆ."

"ಮದರ್‌ಬೋರ್ಡು?"

"ಬೋರ್ಡಲ್ಲಿ ಚಂದ ನೋಡ್ಬೇಡಿ. ಇಲ್ಲಿ ನೋಡಿ, ಪ್ರೊಸೆಸರ್‌ಗೆ ಕರೆಂಟು ಹೋಗೋ ಜಾಗ. ಇದರ ಮೇಲೆ ದಪ್ಪ ಅಲ್ಯೂಮಿನಿಯಂ ಕೂರಿಸಿದ್ದಾರಲ್ಲ, ಮೂರು ದಿನ ಓಡಿದ್ರೂ ಬಿಸಿಯಾಗಿ ಸಾಯಲ್ಲ. ಆ ಕೆಂಪು ದೀಪದ ಬೋರ್ಡು ನೋಡೋಕೆ ಮದುಮಗಳು, ಕೆಲಸಕ್ಕೆ ಬಾರದು."

ಮೇಸ್ತ್ರಿ ಬೋರ್ಡನ್ನು ಕಣ್ಣಿನ ಹತ್ತಿರ ಹಿಡಿದು ಬೆಸುಗೆಗಳನ್ನು ಒಂದೊಂದಾಗಿ ನೋಡಿದ. ಬೀಗ ಕೊಳ್ಳುವಾಗ ನಾಲಿಗೆ ಎಷ್ಟು ಗಟ್ಟಿ ಎಂದು ಹೆಬ್ಬೆರಳಲ್ಲಿ ಒತ್ತಿ ನೋಡುವಂತೆ ಅಲ್ಯೂಮಿನಿಯಮ್ಮನ್ನೂ ಒತ್ತಿದ. ಮೆಮೊರಿ ಆ ಬೋರ್ಡಿನ ಪಟ್ಟಿಯಲ್ಲಿ ಇರುವಂಥದ್ದನ್ನೇ ಆರಿಸಿದ. ಪ್ರೊಸೆಸರಿನ ಮೇಲೆ ಕೂತು ಅದನ್ನು ತಣ್ಣಗಿಡುವ ಕೂಲರ್ ಮಾತ್ರ ಹಳೆಯದೇ ಸಾಕು, ಗಟ್ಟಿ ಮಾಲು ಎಂದು ರೇಡಿಯೋನೇ ಹೇಳಿದ. "ಕೀಳೋ ಮುಂಚೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಬಿಸಿಯಾಗ್ಲಿ. ಇಲ್ಲಾಂದ್ರೆ ಕೂಲರ್ ಜೊತೆ ಪ್ರೊಸೆಸರ್ ಅಂಟ್ಕೊಂಡು ಬಂದ್ಬಿಡುತ್ತೆ," ಎಂದ. ಆಮೇಲೆ ಚೀಲಕ್ಕೆ ಎಲ್ಲ ತುಂಬುತ್ತ ಕೇಳಿದ. "ಹಳೇ ಡಿಸ್ಕಿಗೆ ಲಾಕ್ ಗೀಕ್ ಏನಾದ್ರೂ ಹಾಕಿದ್ದೀರಾ?"

"ಬೀಗದ ವಿಷಯ ನನಗೆ ಬಿಡಯ್ಯ," ಎಂದು ಮೇಸ್ತ್ರಿ ನಕ್ಕ. "ಪಿನ್ ನನ್ನ ತಲೇಲಿದೆ."

ರೇಡಿಯೋ ಕೂಡ ನಕ್ಕ. ಬೀಗದ ಮೇಸ್ತ್ರಿಗೆ ಬೀಗದ ಪಾಠ ಹೇಳುವಷ್ಟು ದೊಡ್ಡವನು ತಾನಲ್ಲ ಎಂದುಕೊಂಡ.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕೆಲಸ ಶುರುವಾಯಿತು. ಹೆಂಡತಿ ಪಕ್ಕದಲ್ಲಿ ಕುಳಿತು ಸ್ಕ್ರೂಗಳನ್ನು ಚಹಾದ ಸಾಸರುಗಳಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತಿದ್ದಳು. ನೋಟ್‌ಬುಕ್ಕಿನಲ್ಲಿ, "ದನಿ ಬಂದ ಮೇಲೆ ಮೊದಲು ನಿಮಗೇ ಬೈಯುವುದು, ಐದು ತಿಂಗಳದ್ದು ಬಾಕಿ ಇದೆ," ಎಂದು ಬರೆದು ತೋರಿಸಿದಳು. ಮೇಸ್ತ್ರಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು. ಹಳೆಯದನ್ನು ಬಿಸಿ ಮಾಡಲು ಓಡಿಸಿದರೆ ಅದು ಎರಡೇ ನಿಮಿಷಕ್ಕೆ ನಿಂತಿತು. ಇದರ ಹಣೆಬರಹವೇ ಇಷ್ಟು ಎಂದು ಬೈದು ಕೂಲರನ್ನು ಹಿಡಿದು ಎಳೆದ. ಪ್ರೊಸೆಸರ್ ಅದರ ಬುಡಕ್ಕೆ ಅಂಟಿಕೊಂಡೇ ಕಿತ್ತು ಬಂತು. ಕೂಲರ್ ಬೇಕಿತ್ತು, ಪ್ರೊಸೆಸರ್ ಬೇಕಿರಲಿಲ್ಲ. ಇಕ್ಕಳ ಹಾಕಿ ಮೀಟಿದ. ಪ್ರೊಸೆಸರಿನ ಅಡಿಯ ಕೂದಲಿನಂಥ ಪಿನ್ನುಗಳು ಬಾಗಿದವು, ಒಂದು ಮೂಲೆಯಲ್ಲಿ ಸಾಲಿಗೆ ಸಾಲೇ ಮುರಿದು ಬೆಡ್‌ಶೀಟಿನ ಮೇಲೆ ಉದುರಿತು, ಪ್ರೊಸೆಸರಿನ ಅಂಚು ಟಕ್ಕೆಂದು ಸೀಳಿತು. ಹೆಂಡತಿ ಗಾಬರಿಯಿಂದ ನೋಡಿದಳು.

"ಇರ್ಲಿ ಬಿಡೇ, ಹೇಗೂ ಗುಜರಿಗೆ ಹೋಗೋದು," ಎಂದ ಮೇಸ್ತ್ರಿ.

ಹೊಸ ಬೋರ್ಡು ಕೂತಿತು, ಪ್ರೊಸೆಸರ್ ಕೂತಿತು, ಡಿಸ್ಕಿನ ವೈರು ಸೇರಿತು. ಸ್ವಿಚ್ ಒತ್ತಿದರೆ ಮೊದಲ ಸಲಕ್ಕೇ ಓಡಿತು, ಸದ್ದೂ ಇಲ್ಲ. ಆದರೆ ಪರದೆ ಆರಂಕಿಯ ಪಿನ್ ಕೇಳಲಿಲ್ಲ. ನಲವತ್ತೆಂಟು ಅಂಕಿ ಕೇಳಿತು.

ಮುರಿದ ಪ್ರೊಸೆಸರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೇಸ್ತ್ರಿ ಅಂಗಡಿಗೆ ಓಡಿದ. ರೇಡಿಯೋ ಅದನ್ನು ಭೂತಗನ್ನಡಿಯ ಕೆಳಗಿಟ್ಟು ಬಹಳ ಹೊತ್ತು ನೋಡಿದ.

"ನಿಮ್ಮ ತಲೇಲಿರೋ ಪಿನ್ ಅರ್ಧ ಕೀಲಿ ಮೇಸ್ತ್ರಿ. ಇನ್ನರ್ಧ ಇದರೊಳಗಿತ್ತು. ಬ್ಯಾಂಕಿನ ಲಾಕರ್ ಇದ್ದ ಹಾಗೆ, ಎರಡು ಕೀಲಿನೂ ಒಟ್ಟಿಗೆ ತಿರುಗಬೇಕು."

"ಸರಿ ಮಾಡಿ ಹಳೇ ಬೋರ್ಡಿಗೇ ಕೂರಿಸಿದ್ರೆ?"

"ಅಡಿಯ ಪಿನ್ನುಗಳು ಮಾತ್ರ ಮುರಿದಿದ್ರೆ ಏನಾದ್ರೂ ನೋಡ್ಬಹುದಿತ್ತು. ಚಿಪ್ಪೇ ಸೀಳಿದೆ. ಆ ನಲವತ್ತೆಂಟು ಅಂಕಿ ಎಲ್ಲಾದ್ರೂ ಬರೆದಿಟ್ಕೊಂಡಿದ್ರಾ?"

ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದ. "ಒಡೆದು ತೆಗೆಯೋಕಾಗಲ್ವಾ? ನನ್ನ ಕೈಲಿ ತೆಗೆಯೋಕಾಗದ ಬೀಗ ಇದುವರೆಗೂ ಬಂದಿಲ್ಲ ಕಣಯ್ಯ."

ರೇಡಿಯೋ ಭೂತಗನ್ನಡಿ ಪಕ್ಕಕ್ಕಿಟ್ಟ. ಪ್ರೊಸೆಸರನ್ನು ಮತ್ತೆ ಕರವಸ್ತ್ರದಲ್ಲೇ ಸುತ್ತಿ ಅವನ ಕೈಗೆ ಕೊಟ್ಟು, ಕುರ್ಚಿ ಎಳೆದು ಕೂರಿಸಿದ. ಮೇಸ್ತ್ರಿ ಅಲ್ಲೇ ಅಂಗಡಿಯ ಜನರ ಎದುರು ಮುಖ ಮುಚ್ಚಿಕೊಂಡು ಅತ್ತ.

ಮನೆಗೆ ಬಂದು ಹೆಂಡತಿಗೆ ಹೇಗೆ ಹೇಳಿದನೋ ಅವನಿಗೇ ನೆನಪಿಲ್ಲ. ಚೀಟಿ ಹರಿದದ್ದನ್ನೂ ಹೇಳಿದ, ಇಕ್ಕಳ ಹಾಕಿದ್ದನ್ನು ಅವಳೇ ನೋಡಿದ್ದಳು. ಅವಳು ಸಾಸರುಗಳಲ್ಲಿದ್ದ ಸ್ಕ್ರೂಗಳನ್ನೆಲ್ಲ ಒಂದೇ ಸಾಸರಿಗೆ ಸುರಿದಳು. ಆಮೇಲೆ, "ಹೋಗಲಿ ಬಿಡಿ. ಜೀವ ಉಳಿದಿದೆಯಲ್ಲ. ಎದ್ದು ಊಟ ಮಾಡಿ," ಎಂದು ಬರೆದಳು. ಅವಳು ಅಳಲಿಲ್ಲ. ಆ ಇಡೀ ವಾರ ಅವಳೇ ಅವನ ಬೆನ್ನು ಸವರಿದಳು, ಅವಳೇ ಅನ್ನ ಕಲಸಿ ಮುಂದಿಟ್ಟಳು. ಇವಳಿಗೆ ಅಷ್ಟೇನೂ ಬೇಸರವಾಗಿಲ್ಲ, ಗಟ್ಟಿಗಿತ್ತಿ ಎಂದುಕೊಂಡು ಮೇಸ್ತ್ರಿ ಅದೊಂದನ್ನೇ ಆಸರೆ ಮಾಡಿಕೊಂಡ.

ಭಾನುವಾರ ಮಧ್ಯಾಹ್ನ ಮಗಳ ಫೋನ್ ಬಂತು. ಆಪರೇಷನ್ ಆದಾಗಿನಿಂದ ಮನೆಯಲ್ಲಿ ಒಂದು ಕ್ರಮ ಇತ್ತು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಡುವುದು, ಅಮ್ಮ ಬರೆದದ್ದನ್ನು ಅಪ್ಪ ಗಟ್ಟಿಯಾಗಿ ಓದುವುದು. ಒಂದು ಅಕ್ಷರ ಬಿಡುವಂತಿಲ್ಲ, ಒಂದು ಸೇರಿಸುವಂತಿಲ್ಲ. ಹಾಗೆಂದು ಹೆಂಡತಿ ಮೊದಲೇ ಅವನಿಂದ ಮಾತು ತೆಗೆದುಕೊಂಡಿದ್ದಳು.

"ಹೊಸ ಕಂಪ್ಯೂಟರ್ ರೆಡಿ ಆಯ್ತಾ ಅಪ್ಪ? ಅಮ್ಮನ ದನಿ ಕೇಳಿಸಿ," ಎಂದಳು ಮಗಳು.

ಹೆಂಡತಿ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡು ನಿಧಾನವಾಗಿ ಬರೆದು ಅವನ ಮುಂದೆ ನೂಕಿದಳು. ಅವನು ಕನ್ನಡಕ ಸರಿಮಾಡಿಕೊಂಡು ಓದಿದ.

"'ಕೂಸೇ, ಅಮ್ಮ ಹೇಳುತ್ತಿದ್ದೇನೆ. ದನಿ ಹೋಯಿತು. ಇನ್ನು ಸಿಗುವುದಿಲ್ಲ.'"

ಹೆಂಡತಿ ಕೆಳಗಿನ ಸಾಲನ್ನು ಬೆರಳಲ್ಲಿ ತೋರಿಸಿದಳು.

"'ಅಪ್ಪನನ್ನು ಬೈಯಬೇಡ. ಅವರು ಒಳ್ಳೆಯದಕ್ಕೆಂದೇ ಮಾಡಿದ್ದು.'" ಮುಂದಿನ ಸಾಲಿಗೆ ಅವನ ಕಣ್ಣು ಹೋಯಿತು. ನಿಲ್ಲಿಸಿದ.

"ಅಪ್ಪ? ಅಮ್ಮ ಇನ್ನೇನು ಬರೆದಿದ್ದಾಳೆ?"

ಅವನು ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡಲಿಲ್ಲ. ಆ ಸಾಲಿನ ಕೆಳಗೆ ಬೆರಳಿಟ್ಟು ಒತ್ತಿ ಹಿಡಿದಿದ್ದಳು. ಬೆರಳು ತೆಗೆಯಲಿಲ್ಲ. ಅವನು ಓದಲೇಬೇಕಾಯಿತು.

"'ನನಗೆ ತಡೆಯಲು ಆಗುತ್ತಿಲ್ಲ ಕೂಸೇ. ದಿನಾ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ನಿಮ್ಮಪ್ಪನಿಗೆ ಗೊತ್ತಿಲ್ಲ.'"